ಎಸೆದ ಕೈಯನ್ನು ನಿಲ್ಲಿಸುವುದು ಯಾರು? ಬೇಸ್‌ಬಾಲ್ ಪಿಚರ್‌ನ ಭುಜದ ಗಾಯಗಳು

ಬೇಸ್‌ಬಾಲ್‌ನಲ್ಲಿ ಬ್ಯಾಟರ್‌ಗೆ ಚೆಂಡೆಸೆಯುವ ಪಿಚರ್ ಒಬ್ಬ ಭುಜ ಹಿಡಿದುಕೊಂಡು ಮೈದಾನದಿಂದ ಹೊರನಡೆದರೆ ಎಲ್ಲರೂ ಮೊದಲು ಕೇಳುವುದು ‘ಎಷ್ಟು ವೇಗದಲ್ಲಿ ಎಸೆದ?’ ಎಂದು. ನಾನು ಅದರ ಪಕ್ಕದ ಪ್ರಶ್ನೆಯನ್ನು ಹಿಡಿದು ಮಾತಾಡುತ್ತೇನೆ: ಅಷ್ಟು ವೇಗದಲ್ಲಿ ಬೀಸಿದ ಕೈಯನ್ನು ನಿಲ್ಲಿಸಿದ್ದು ಯಾರು? ಚೆಂಡೇನೋ ಬೆರಳು ಬಿಟ್ಟು ಹೋಯಿತು. ತೋಳು ಹೋಗುವಂತಿಲ್ಲವಲ್ಲ, ಅದನ್ನು ಯಾರಾದರೂ ತಡೆಯಲೇಬೇಕು. ಆ ಕೆಲಸ ಬಂದು ಬೀಳುವುದು ಭುಜದ ಹಿಂಬದಿಯ ಒಂದೆರಡು ಸಣ್ಣ ಸ್ನಾಯುಗಳ ಮೇಲೆ. ಪಿಚರ್‌ಗಳ ಭುಜದ ಗಾಯಗಳಲ್ಲಿ ಬಹುಪಾಲು ಅರ್ಥವಾಗಬೇಕಾದರೆ ಈ ಬ್ರೇಕಿನ ಕೆಲಸ ಗೊತ್ತಿರಬೇಕು.

ಮೊದಲು ಲೆಕ್ಕ ನೋಡೋಣ. ಪಿಚರ್ ನಿಲ್ಲುವ ದಿಬ್ಬದ ಪಟ್ಟಿಯಿಂದ ಬ್ಯಾಟರ್ ಪಕ್ಕದ ಹೋಮ್ ಪ್ಲೇಟ್‌ಗೆ 60 ಅಡಿ 6 ಅಂಗುಲ, ಅಂದರೆ 18.44 ಮೀಟರ್. ಚೆಂಡಿನ ತೂಕ 142ರಿಂದ 149 ಗ್ರಾಂ, ನಮ್ಮ ಕ್ರಿಕೆಟ್ ಚೆಂಡಿಗಿಂತ ತುಸು ಹಗುರ. ಅಮೆರಿಕದ ಮೇಜರ್ ಲೀಗ್‌ನಲ್ಲಿ ಫಾಸ್ಟ್‌ಬಾಲ್‌ನ ಸರಾಸರಿ ವೇಗ 2008ರಲ್ಲಿ ಗಂಟೆಗೆ 91.3 ಮೈಲಿ ಇತ್ತು, 2024ಕ್ಕೆ 94.2 ಮೈಲಿಗೆ ಏರಿತು, ಹತ್ತಿರ ಹತ್ತಿರ 152 ಕಿಲೋಮೀಟರ್. ತೋಳು ಹಿಂದಕ್ಕೆ ಪೂರ್ತಿ ತಿರುಗಿದ ಕ್ಷಣದಿಂದ ಚೆಂಡು ಕೈಬಿಡುವವರೆಗೆ ಹಿಡಿಯುವ ಸಮಯ ಒಂದು ಸೆಕೆಂಡಿನ ನೂರರಲ್ಲಿ ಮೂರರಿಂದ ಐದು ಪಾಲು. ಆ ಹೊತ್ತಿನಲ್ಲಿ ಮೇಲ್ದೋಳು ತನ್ನ ಅಕ್ಷದಲ್ಲೇ ಒಳಮುಖವಾಗಿ ತಿರುಗುವ ವೇಗ ಸೆಕೆಂಡಿಗೆ 7,000 ಡಿಗ್ರಿಯನ್ನು ದಾಟುತ್ತದೆ. ಅದೇ ವೇಗದಲ್ಲಿ ತಿರುಗುತ್ತಲೇ ಇದ್ದರೆ ಒಂದು ಸೆಕೆಂಡಿನಲ್ಲಿ ಹತ್ತೊಂಬತ್ತು ಸುತ್ತು. ಚೆಂಡು ಬಿಟ್ಟ ನಂತರ ಇದನ್ನೆಲ್ಲ ತಗ್ಗಿಸಲು ಸಿಗುವ ಸಮಯವೂ ಅಷ್ಟೇ ಚಿಕ್ಕದು. ಆ ಗಳಿಗೆಯಲ್ಲಿ ತೋಳು ಕೀಲಿನಿಂದ ಕಿತ್ತುಕೊಂಡು ಹೋಗದಂತೆ ಹಿಡಿದಿಡಲು ಬೇಕಾದ ಬಲ 1,000 ನ್ಯೂಟನ್‌ಗೂ ಹೆಚ್ಚು. ಆಟಗಾರನ ಮೈತೂಕದಷ್ಟೇ ಭಾರವನ್ನು ಆ ಒಂದು ತೋಳಿಗೆ ಕಟ್ಟಿ ಎಳೆದರೆ ಎಷ್ಟೋ ಅಷ್ಟು. ಒಂದು ಪಂದ್ಯದಲ್ಲಿ ಇದು ತೊಂಬತ್ತು, ನೂರು ಬಾರಿ.

ಈಗ ಕೂತಲ್ಲೇ ಒಂದು ಕೆಲಸ ಮಾಡಿ. ಬಲಗೈಯನ್ನು ಪಕ್ಕಕ್ಕೆ, ಭುಜದ ಮಟ್ಟಕ್ಕೆ ಎತ್ತಿ. ಮೊಣಕೈಯನ್ನು ಸರಿಯಾಗಿ 90 ಡಿಗ್ರಿ ಮಡಚಿ, ಮುಂಗೈ ನೆಟ್ಟಗೆ ಮೇಲಕ್ಕೆ ನೋಡುತ್ತಿರಲಿ. ಮೊಣಕೈ ಕದಲದಂತೆ ಮುಂಗೈಯನ್ನು ಹಿಂದಕ್ಕೆ ವಾಲಿಸಿ. ನಿಮ್ಮಲ್ಲಿ ಹೆಚ್ಚಿನವರದು ಸ್ವಲ್ಪ ಹಿಂದೆ ಹೋಗಿ ನಿಂತುಬಿಟ್ಟಿದೆ. ಪಿಚರ್‌ನ ಮುಂಗೈ ಹಿಂದಕ್ಕೆ ವಾಲಿ ನೆಲಕ್ಕೆ ಬಹುತೇಕ ಸಮಾನಾಂತರವಾಗಿ ಮಲಗುತ್ತದೆ. ಮುಂಗೈ ಮುಂದಕ್ಕೆ ಚಾಚಿದ್ದಾಗ ಸೊನ್ನೆ ಎಂದು ಎಣಿಸಿದರೆ, ಅಲ್ಲಿಗೆ 165ರಿಂದ 180 ಡಿಗ್ರಿ. ಕೀಲೊಂದೇ ಅಷ್ಟು ತಿರುಗುವುದಿಲ್ಲ. ಬೆನ್ನು ಹಿಂದಕ್ಕೆ ಬಾಗುತ್ತದೆ, ಬೆನ್ನ ಮೇಲಿರುವ ಭುಜದ ಹಲಗೆ ಮೂಳೆ ಸ್ಕ್ಯಾಪುಲಾ ಹಿಂದಕ್ಕೆ ಓರೆಯಾಗುತ್ತದೆ. ಬೆನ್ನಾಗಲಿ ಸ್ಕ್ಯಾಪುಲಾ ಆಗಲಿ ಬಿಗಿಯಾಗಿದ್ದರೆ ಉಳಿದ ಡಿಗ್ರಿಗಳನ್ನು ಕೀಲೇ ತೆರಬೇಕು. ಕೈ ಇಳಿಸಿ, ಸಾಕು.

ಕೀಲಿನ ರಚನೆಯನ್ನು ಬೇಗ ಮುಗಿಸುತ್ತೇನೆ. ಮೇಲ್ದೋಳಿನ ಮೂಳೆಯ ತುದಿಯ ಗುಂಡು ಸ್ಕ್ಯಾಪುಲಾದ ಆಳವಿಲ್ಲದ ಸಣ್ಣ ಗುಳಿಗೆ ತಾಗಿ ನಿಲ್ಲುತ್ತದೆ. ಲೋಟದ ಮುಚ್ಚಳದ ಮೇಲೆ ಕಿತ್ತಳೆಹಣ್ಣು ಇಟ್ಟ ಹಾಗೆ; ಜಾರದಿರುವುದು ಮೂಳೆಯ ದಯೆಯಿಂದಲ್ಲ. ಗುಳಿಯ ಅಂಚಿಗೆ ಸುತ್ತಲೂ ಕಟ್ಟಿದ ಮೃದುವಾದ ಏಣು ಲೇಬ್ರಮ್. ಅದರ ಸುತ್ತ ಚೀಲದಂಥ ಕ್ಯಾಪ್ಸೂಲ್. ಅದರ ಮೇಲೆ ರೊಟೇಟರ್ ಕಫ್‌ನ ನಾಲ್ಕು ಸ್ನಾಯುಗಳು: ಮುಂದೆ ಸಬ್‌ಸ್ಕ್ಯಾಪುಲಾರಿಸ್, ಮೇಲೆ ಸುಪ್ರಾಸ್ಪೈನೇಟಸ್, ಹಿಂದೆ ಇನ್‌ಫ್ರಾಸ್ಪೈನೇಟಸ್ ಮತ್ತು ಟೆರಿಸ್ ಮೈನರ್. ತೋಳು ಯಾವ ಕೋನದಲ್ಲಿದ್ದರೂ ಗುಂಡನ್ನು ಗುಳಿಯ ನಡುವಿಗೆ ಒತ್ತಿ ಹಿಡಿಯುವುದು ಇವುಗಳ ಮೊದಲ ಕೆಲಸ. ತಿರುಗಿಸುವುದು ಆಮೇಲೆ.

ಲಾಸ್ ಏಂಜಲೀಸ್‌ನ ಶಸ್ತ್ರವೈದ್ಯ ಫ್ರಾಂಕ್ ಜೋಬ್ ಮತ್ತು ಸಂಗಡಿಗರು 1980ರ ದಶಕದಲ್ಲಿ ಪಿಚರ್‌ಗಳ ಸ್ನಾಯುಗಳಿಗೆ ಕೂದಲಿನಷ್ಟು ತೆಳ್ಳಗಿನ ತಂತಿ ಹಾಕಿ, ಎಸೆತದ ಯಾವ ಹಂತದಲ್ಲಿ ಯಾವುದು ದುಡಿಯುತ್ತದೆ ಎಂದು ಅಳೆದರು. ಅಲಬಾಮಾದ ಬರ್ಮಿಂಗ್‌ಹ್ಯಾಮ್‌ನಲ್ಲಿ ಶಸ್ತ್ರವೈದ್ಯ ಜೇಮ್ಸ್ ಆಂಡ್ರ್ಯೂಸ್ 1987ರಲ್ಲಿ ಕಟ್ಟಿದ ಸಂಸ್ಥೆಯಲ್ಲಿ ಗ್ಲೆನ್ ಫ್ಲೈಸಿಗ್ ಮತ್ತವರ ಜೊತೆಗಾರರು ವೇಗದ ಕ್ಯಾಮೆರಾಗಳಿಂದ ಬಲಗಳ ಲೆಕ್ಕ ಹಾಕಿದರು. ಎರಡನ್ನೂ ಸೇರಿಸಿ ಓದಿದರೆ ಚಿತ್ರ ಹೀಗಿದೆ. ಕಾಲೆತ್ತಿ ಮುಂದಿಡುವಾಗ ಭುಜಕ್ಕೆ ಹೆಚ್ಚು ಕೆಲಸವಿಲ್ಲ. ಮುಂಗಾಲು ನೆಲ ತಾಗಿದ ಮೇಲೆ ಸೊಂಟ ತಿರುಗುತ್ತದೆ, ಹಿಂದೆಯೇ ಎದೆ ತಿರುಗುತ್ತದೆ, ತೋಳು ಹಿಂದೆ ಉಳಿಯುತ್ತದೆ. ಆಗ ಸಬ್‌ಸ್ಕ್ಯಾಪುಲಾರಿಸ್, ಎದೆಯ ಪೆಕ್ಟೊರಾಲಿಸ್, ಬೆನ್ನಿನ ಲ್ಯಾಟಿಸ್ಸಿಮಸ್ ಡಾರ್ಸೈ (ಚಿಕ್ಕದಾಗಿ ಲ್ಯಾಟ್), ಇವೆಲ್ಲ ಚಾಚಿ ಬಿಗಿಯುತ್ತವೆ. ಬಳಿಕ ಅವೇ ಕುಗ್ಗಿ ತೋಳನ್ನು ಮುಂದಕ್ಕೆ ಚಿಮ್ಮಿಸುತ್ತವೆ. ಚಿಮ್ಮಿಸುವವರು ದೊಡ್ಡ ಸ್ನಾಯುಗಳು ಎಂಬುದನ್ನು ನೆನಪಿಡಿ. ಚೆಂಡು ಬಿಟ್ಟ ಮರುಕ್ಷಣ ಸರದಿ ಟೆರಿಸ್ ಮೈನರ್, ಇನ್‌ಫ್ರಾಸ್ಪೈನೇಟಸ್, ಭುಜದ ಹಿಂಬದಿಯ ಡೆಲ್ಟಾಯ್ಡ್, ಸ್ಕ್ಯಾಪುಲಾವನ್ನು ಬೆನ್ನಿಗೆ ಹಿಡಿದಿಡುವ ಕೆಳ ಟ್ರಪೀಜಿಯಸ್‌ಗಳದು. ಇವು ಉದ್ದವಾಗುತ್ತಲೇ ಬಿಗಿ ಹಿಡಿಯಬೇಕು. ಸ್ನಾಯುವಿಗೆ ಅತಿ ಹೆಚ್ಚು ಹಾನಿ ಮಾಡುವ ದುಡಿಮೆ ಇದೇ. ಜಿಮ್‌ನಲ್ಲಿ ಎದೆಯನ್ನೂ ಲ್ಯಾಟ್ಸನ್ನೂ ಬೆಳೆಸಿ ಹಿಂಬದಿಯನ್ನು ಮರೆತವನು ಎಂಜಿನ್ ದೊಡ್ಡದು ಮಾಡಿ ಬ್ರೇಕ್ ಹಳೆಯದನ್ನೇ ಉಳಿಸಿಕೊಂಡಿರುತ್ತಾನೆ.

ಇಲ್ಲಿ ಕ್ರಿಕೆಟ್‌ನ ಮಾತು ಬಂದೇ ಬರುತ್ತದೆ, ಈಗಲೇ ಮುಗಿಸಿಬಿಡೋಣ. ನಮ್ಮ ವೇಗದ ಬೌಲರ್‌ಗಳೂ 140 ಕಿಲೋಮೀಟರ್ ಮುಟ್ಟುತ್ತಾರಲ್ಲ, ಅವರಿಗೇಕೆ ಭುಜದ ಈ ಪಾಡಿಲ್ಲ? ಬೌಲರ್ ಓಡಿ ಬರುತ್ತಾನೆ, ಆ ವೇಗ ಅವನಿಗೆ ಸಿಗುತ್ತದೆ. ನಿಯಮದ ಪ್ರಕಾರ ಮೊಣಕೈ 15 ಡಿಗ್ರಿಗಿಂತ ಹೆಚ್ಚು ನೆಟ್ಟಗಾಗುವಂತಿಲ್ಲ. ಹಾಗಾಗಿ ತೋಳು ಚಕ್ರದಂತೆ ಸುತ್ತುತ್ತದೆಯೇ ಹೊರತು ಪಿಚರ್‌ನಂತೆ ಹಿಂದಕ್ಕೆ ತಿರುಚಿಕೊಂಡು ಚಿಮ್ಮುವುದಿಲ್ಲ. ಅವನ ಸಾಲ ತೀರಿಸುವುದು ಸೊಂಟದ ಹತ್ತಿರದ ಬೆನ್ನುಮೂಳೆ. ಅಲ್ಲಿ ಸ್ಟ್ರೆಸ್ ಫ್ರ್ಯಾಕ್ಚರ್, ಅಂದರೆ ಪದೇಪದೇ ಬೀಳುವ ಭಾರದಿಂದ ಮೂಳೆಯಲ್ಲಿ ಬಿರುಕು, ಆಗುತ್ತದೆ. ಪಿಚರ್‌ಗೆ ನಿಜವಾಗಿ ಹತ್ತಿರದ ಸಂಬಂಧಿ ಬೌಂಡರಿಯಲ್ಲಿ ನಿಂತ ಫೀಲ್ಡರ್. ಅರ್ಧ ಗಂಟೆ ಸುಮ್ಮನೆ ನಿಂತು, ತಣ್ಣಗಾದ ತೋಳಿನಿಂದ ಎಪ್ಪತ್ತು ಮೀಟರ್ ಎಸೆಯುತ್ತಾನೆ. ಜಾವೆಲಿನ್ ಎಸೆಯುವವರದೂ ಇದೇ ಕುಲ. 2008ರಲ್ಲಿ ಪಿಟ್ಸ್‌ಬರ್ಗ್ ಪೈರೇಟ್ಸ್ ತಂಡ ಸೇರಿಸಿಕೊಂಡ ಉತ್ತರ ಪ್ರದೇಶದ ರಿಂಕು ಸಿಂಗ್ ಮತ್ತು ದಿನೇಶ್ ಪಟೇಲ್ ಇಬ್ಬರೂ ಜಾವೆಲಿನ್‌ನಿಂದ ಬಂದವರೇ. ನಾನು ಹೇಳುವ ಅಳತೆ, ವ್ಯಾಯಾಮಗಳು ಆ ಫೀಲ್ಡರ್‌ಗೂ ಜಾವೆಲಿನ್ ಹುಡುಗಿಗೂ ಹೆಚ್ಚುಕಡಿಮೆ ಹಾಗೇ ಹೊಂದುತ್ತವೆ. ವಾಪಸ್ ಪಿಚರ್‌ಗೆ ಬರೋಣ.

ಗಾಯಗಳಲ್ಲಿ ಅತಿ ಸಾಮಾನ್ಯವಾದದ್ದು ರೊಟೇಟರ್ ಕಫ್‌ನ ಸವೆತ ಮತ್ತು ಅರೆ ಹರಕು. ಇದು ಎಲ್ಲಿ ಆಗುತ್ತದೆ ಎನ್ನುವುದು ಮುಖ್ಯ. ಐವತ್ತು ದಾಟಿದವರ ಕಫ್ ಹೆಚ್ಚಾಗಿ ಮೇಲಿನ ಮೂಳೆಗೆ ಉಜ್ಜಿ ಸವೆಯುತ್ತದೆ ಎಂದು ನೀವು ಕೇಳಿರುತ್ತೀರಿ. ಪಿಚರ್‌ನದು ಕೆಳಮೈಯಲ್ಲಿ, ಕೀಲಿನ ಒಳಬದಿಗೆ ಹರಿಯುತ್ತದೆ. ತೋಳು ಹಿಂದಕ್ಕೆ ಪೂರ್ತಿ ತಿರುಗಿದಾಗ ಸುಪ್ರಾಸ್ಪೈನೇಟಸ್ ಮತ್ತು ಇನ್‌ಫ್ರಾಸ್ಪೈನೇಟಸ್ ಸೇರುವ ಜಾಗದ ಸ್ನಾಯುರಜ್ಜು, ಗುಂಡು ಮತ್ತು ಗುಳಿಯ ಹಿಂದಿನ ಮೇಲಂಚಿನ ನಡುವೆ ಸಿಕ್ಕಿ ನಜ್ಜುತ್ತದೆ. ಫ್ರಾನ್ಸಿನ ಶಸ್ತ್ರವೈದ್ಯ ಜಿಲ್ ವಾಲ್ಷ್ 1992ರಲ್ಲಿ ಇದನ್ನು ವಿವರಿಸಿದರು. ಇದರ ಜೊತೆಗೆ ಬ್ರೇಕ್ ಹಾಕುವಾಗಿನ ಎಳೆತವೂ ಅದೇ ಎಳೆಗಳ ಮೇಲೆ. ಆಟಗಾರ ಹೇಳುವ ದೂರು ಸಾಮಾನ್ಯವಾಗಿ ಹೀಗಿರುತ್ತದೆ: ಭುಜದ ಹಿಂದೆ, ಆಳದಲ್ಲಿ ನೋವು; ಕೈ ಹಿಂದೆ ಹೋದಾಗ ಚುಚ್ಚುತ್ತದೆ; ಬೆಚ್ಚಗಾಗಲು ಮೊದಲಿಗಿಂತ ಹೆಚ್ಚು ಹೊತ್ತು ಬೇಕು; ಎರಡು ಮೂರು ಇನಿಂಗ್ಸ್ (ಬೇಸ್‌ಬಾಲ್ ಪಂದ್ಯಕ್ಕೆ ಸಾಮಾನ್ಯವಾಗಿ ಒಂಬತ್ತು) ಆದ ಮೇಲೆ ಚೆಂಡು ಮೇಲೆ ಮೇಲೆ ಹೋಗುತ್ತಿದೆ. ಕೊನೆಯದನ್ನು ಕೋಚ್‌ಗಳು ಗುರಿಯ ದೋಷ ಎಂದು ತಿಳಿದು ಇನ್ನೂ ಇಪ್ಪತ್ತು ಎಸೆತ ಹಾಕಿಸುತ್ತಾರೆ. ಅದು ದಣಿವಿನ ಗುರುತು.

ಲೇಬ್ರಮ್‌ನ ಮೇಲಂಚಿಗೆ ಬೈಸೆಪ್ಸ್‌ನ ಒಂದು ರಜ್ಜು ಅಂಟಿಕೊಂಡಿದೆ. ತೋಳು ಹಿಂದಕ್ಕೆ ತಿರುಚಿದಾಗ ಅದು ಲೇಬ್ರಮನ್ನು ಗುಳಿಯಿಂದ ಸುಲಿಯುತ್ತದೆ. ಹೀಗೆ ಆಗುವ ಹರಕೇ ಸ್ಲ್ಯಾಪ್ ಟೇರ್. ಇದರ ಶಸ್ತ್ರಚಿಕಿತ್ಸೆಯ ಫಲಿತಾಂಶ ಕೇಳಿದರೆ ಅವಸರ ತಾನಾಗಿ ಇಳಿಯುತ್ತದೆ. ಒಂದು ವೃತ್ತಿಪರ ಸಂಸ್ಥೆಯ ಆಟಗಾರರ ದಾಖಲೆ ನೋಡಿ 2014ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಆಪರೇಷನ್ ಆದ ಪಿಚರ್‌ಗಳಲ್ಲಿ 48% ಮೈದಾನಕ್ಕೆ ಮರಳಿದರು, ಹಿಂದಿನ ಆಟದ ಮಟ್ಟ ಮುಟ್ಟಿದವರು 7% ಮಾತ್ರ. ವ್ಯಾಯಾಮದಲ್ಲೇ ಚಿಕಿತ್ಸೆ ಮುಗಿಸಿದ ಪಿಚರ್‌ಗಳಲ್ಲಿ ಹಳೆಯ ಮಟ್ಟ ಮುಟ್ಟಿದವರು 22%. ಪೂರ್ತಿ ಹರಿದ ರೊಟೇಟರ್ ಕಫ್‌ನ ಕಥೆ ಇನ್ನೂ ಕಠಿಣ: 2006ರ ಒಂದು ವರದಿಯಲ್ಲಿ ಎಸೆಯುವ ಕೈಯ ಕಫ್ ಹೊಲಿಸಿಕೊಂಡ 12 ವೃತ್ತಿಪರ ಪಿಚರ್‌ಗಳಲ್ಲಿ ತೊಂದರೆಯಿಲ್ಲದೆ ಮೇಲಿನ ಮಟ್ಟಕ್ಕೆ ಮರಳಿದವನು ಒಬ್ಬನೇ. ಹಾಗೆಂದು ಎಲ್ಲರಿಗೂ ಬಾಗಿಲು ಮುಚ್ಚಿತು ಎಂದಲ್ಲ. ದಕ್ಷಿಣ ಕೊರಿಯಾದ ರ್ಯೂ ಹ್ಯುನ್-ಜಿನ್ 2015ರಲ್ಲಿ ಲೇಬ್ರಮ್ ಆಪರೇಷನ್ ಮಾಡಿಸಿಕೊಂಡು 2016ರಲ್ಲಿ ಒಂದೇ ಒಂದು ಪಂದ್ಯ ಆಡಿದರು. 2019ರಲ್ಲಿ ಲಾಸ್ ಏಂಜಲೀಸ್ ಡಾಜರ್ಸ್ ತಂಡದ ಪರ, ಒಂಬತ್ತು ಇನಿಂಗ್ಸ್‌ಗೆ ಬಿಟ್ಟುಕೊಟ್ಟ ರನ್‌ಗಳ 2.32 ಸರಾಸರಿಯೊಂದಿಗೆ ಇಡೀ ಮೇಜರ್ ಲೀಗ್‌ಗೆ ಮೊದಲಿಗರಾದರು. ಅವರು ವೇಗವನ್ನೇ ನಂಬಿಕೊಂಡ ಪಿಚರ್ ಆಗಿರಲಿಲ್ಲ, ಅದನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಿ.

ಕ್ಯಾಪ್ಸೂಲ್‌ನ ಮುಂಭಾಗ ಸಡಿಲವಾಗಿ ಹರಿಯುವುದು ಅಪರೂಪ, ಆದರೆ ದೊಡ್ಡ ಹೆಸರುಗಳನ್ನು ಉರುಳಿಸಿದೆ. ಯೊಹಾನ್ ಸಂಟಾನಾ 2010ರ ಸೆಪ್ಟೆಂಬರ್‌ನಲ್ಲಿ ಅದನ್ನು ಹೊಲಿಸಿಕೊಂಡರು, 2011 ಪೂರ್ತಿ ಮೇಜರ್ ಲೀಗ್‌ನಿಂದ ಹೊರಗೆ. 2012ರ ಜೂನ್ 1ರಂದು ನ್ಯೂಯಾರ್ಕ್ ಮೆಟ್ಸ್ ತಂಡದ ಇತಿಹಾಸದ ಮೊದಲ ನೋ-ಹಿಟ್ಟರ್, ಅಂದರೆ ಎದುರಾಳಿಗೆ ಒಂದೂ ಹಿಟ್ ಬಿಡದ ಪಂದ್ಯ, ಎಸೆದರು. ಮ್ಯಾನೇಜರ್ ಟೆರಿ ಕಾಲಿನ್ಸ್ 115ರ ಆಚೆ ಬಿಡಬಾರದು ಎಂದುಕೊಂಡಿದ್ದರು; ಎಸೆತ 134ಕ್ಕೆ ಹೋಯಿತು. 2013ರಲ್ಲಿ ಅದೇ ಕ್ಯಾಪ್ಸೂಲ್ ಮತ್ತೆ ಹರಿಯಿತು, ಅವರು ಮತ್ತೆ ಮೇಜರ್ ಲೀಗ್‌ನಲ್ಲಿ ಎಸೆಯಲಿಲ್ಲ. ಆ 134 ಎಸೆತಗಳೇ ಕಾರಣ ಎಂದು ಬರೆದವರು ಬಹಳ. ಒಂದು ಸಂಜೆಯ ತಲೆಗೆ ಕಟ್ಟುವುದು ಸುಲಭ. ಭುಜ ಹಾಗೆ ಲೆಕ್ಕ ಇಡುವುದಿಲ್ಲ, ಅದಕ್ಕೆ ಮುಂಚಿನ ಸಾವಿರಾರು ಎಸೆತಗಳೂ ಅದರ ಖಾತೆಯಲ್ಲೇ ಇದ್ದವು. ಡಾಜರ್ಸ್ ಪಿಚರ್ ಕ್ಲೇಟನ್ ಕರ್ಷಾ 2023ರ ನವೆಂಬರ್‌ನಲ್ಲಿ ಕ್ಯಾಪ್ಸೂಲ್ ಮತ್ತು ಅದರ ಅಸ್ಥಿರಜ್ಜುಗಳನ್ನು ಸರಿಪಡಿಸಿಕೊಂಡು 2024ರ ಜುಲೈನಲ್ಲಿ ಮರಳಿದ್ದೂ ಈ ಕಾಲದ ಉದಾಹರಣೆಯೇ.

ಲ್ಯಾಟ್‌ನ ಗಾಯದ ಮೇಲೆ ಒಂದು ನಿಮಿಷ ನಿಲ್ಲುತ್ತೇನೆ, ಏಕೆಂದರೆ ಇದನ್ನು ಬಹಳ ಮಂದಿ ತಪ್ಪಾಗಿ ಗುರುತಿಸುತ್ತಾರೆ. ನೋವು ಭುಜದ ಮೇಲೆ ಇರುವುದಿಲ್ಲ. ಕಂಕುಳಿನ ಹಿಂದಿನ ಮಡಿಕೆಯಲ್ಲಿ, ಕೆಲವೊಮ್ಮೆ ಮೇಲ್ದೋಳಿನ ಒಳಬದಿಯಲ್ಲಿ. ಆಟಗಾರ ‘ಟ್ರೈಸೆಪ್ಸ್ ಹಿಡಿದಿದೆ’ ಅಥವಾ ‘ಬೈಸೆಪ್ಸ್ ಬಿಗಿ’ ಎನ್ನುತ್ತಾನೆ. ಭುಜದ ಎಂದಿನ ಎಂಆರ್‌ಐ ತೆಗೆದರೆ ಚಿತ್ರ ಅಷ್ಟು ಕೆಳಗೆ ಬರುವುದೇ ಇಲ್ಲ, ‘ಏನೂ ಇಲ್ಲ’ ಎಂಬ ವರದಿ ಸಿಗುತ್ತದೆ. ಕಂಕುಳ ಮತ್ತು ಮೇಲ್ದೋಳು ಸೇರಿಸಿ ಸ್ಕ್ಯಾನ್ ಬೇಕು ಎಂದು ಬರೆದು ಕಳಿಸಬೇಕು. 2017ರ ಏಪ್ರಿಲ್ 30ರಂದು ಮೆಟ್ಸ್ ಪಿಚರ್ ನೋವಾ ಸಿಂಡರ್‌ಗಾರ್ಡ್ ಲ್ಯಾಟ್ ಹರಿದುಕೊಂಡರು. ಕೆಲವೇ ದಿನ ಮುಂಚೆ ಬೈಸೆಪ್ಸ್ ತೊಂದರೆ ಎಂದು ಅವರ ಸರದಿ ಮುಂದಕ್ಕೆ ಹೋಗಿತ್ತು, ಎಂಆರ್‌ಐ ಬೇಡ ಎಂದಿದ್ದರು. ಆಪರೇಷನ್ ಇಲ್ಲದೆ, ಸೆಪ್ಟೆಂಬರ್‌ಗೆ ವಾಪಸ್ ಬಂದರು. ಇನ್ನೊಬ್ಬ ಪಿಚರ್ ಜೇಕ್ ಪೀವಿಯದು ಬೇರೆ: 2010ರ ಜುಲೈನಲ್ಲಿ ಸ್ನಾಯುರಜ್ಜು ಮೂಳೆಯಿಂದ ಪೂರ್ತಿ ಕಿತ್ತುಹೋಗಿತ್ತು, ಅದನ್ನು ಮೂಳೆಗೆ ಮತ್ತೆ ಕೂರಿಸಿದರು, 2011ರ ಮೇ ತಿಂಗಳಲ್ಲಿ ಎಸೆದರು. ಸ್ನಾಯುವಿನ ಹೊಟ್ಟೆಯಲ್ಲಿ ಹರಿದರೆ ವಿಶ್ರಾಂತಿ ಮತ್ತು ವ್ಯಾಯಾಮ. ಮೂಳೆಯಿಂದ ಕಿತ್ತಿದ್ದರೆ ಶಸ್ತ್ರವೈದ್ಯರ ಜೊತೆ ಮಾತು. ಸ್ಥೂಲವಾಗಿ ಇಷ್ಟು.

ಅಮೆರಿಕದಲ್ಲಿ ಮಕ್ಕಳನ್ನು ಲಿಟಲ್ ಲೀಗ್‌ಗೆ (ಮಕ್ಕಳ ಬೇಸ್‌ಬಾಲ್‌ಗೆ) ಕಳಿಸುವ ಕನ್ನಡದ ಮನೆಗಳು ಈಗ ಕಡಿಮೆಯೇನಿಲ್ಲ. ಈ ಭಾಗ ಅವರಿಗೆ. ಹನ್ನೊಂದರಿಂದ ಹದಿನಾರರ ವಯಸ್ಸಿನಲ್ಲಿ ಸ್ನಾಯುವಿಗಿಂತ ಮೊದಲು ಸೋಲುವುದು ಮೂಳೆ. ಮೇಲ್ದೋಳಿನ ಗುಂಡಿನ ಕೆಳಗೆ ಮೂಳೆ ಬೆಳೆಯುವ ಮೆತ್ತನೆಯ ಪಟ್ಟಿ ಇರುತ್ತದೆ, ಎಸೆತದ ತಿರುಚು ಅದನ್ನು ಅಗಲಿಸುತ್ತದೆ. ಲಿಟಲ್ ಲೀಗ್ ಶೋಲ್ಡರ್ ಎನ್ನುವುದು ಇದನ್ನೇ. ಎಸೆದಾಗ ಮಾತ್ರ ಮೇಲ್ದೋಳಿನ ಮೇಲ್ಭಾಗದ ಹೊರಗಡೆ ನೋವು, ಒತ್ತಿದರೆ ಅಲ್ಲೇ ನೋವು. ಎರಡೂ ಭುಜಗಳ ಎಕ್ಸ್-ರೇ ತೆಗೆಸಿ ಪಕ್ಕಪಕ್ಕ ಇಟ್ಟು ನೋಡಬೇಕು. ಒಂದೇ ಭುಜದ ಚಿತ್ರದಲ್ಲಿ ಪಟ್ಟಿ ಅಗಲವೋ ಅಲ್ಲವೋ ಗೊತ್ತಾಗುವುದಿಲ್ಲ. ಮದ್ದು ಸುಮಾರು ಮೂರು ತಿಂಗಳು ಎಸೆತ ನಿಲ್ಲಿಸುವುದು, ಆಮೇಲೆ ನಿಧಾನವಾಗಿ ಶುರು ಮಾಡುವುದು. ಎರಡು ವಾರಕ್ಕೆ ನೋವು ಹೋಗಿಬಿಡುತ್ತದೆ, ತೊಂದರೆ ಅಲ್ಲೇ: ಮಗುವೂ ಅಪ್ಪನೂ ಸೇರಿ ಮೈದಾನಕ್ಕೆ ಹೊರಡುತ್ತಾರೆ.

ಇದೇ ಬೆಳೆಯುವ ಪಟ್ಟಿಗೆ ಇನ್ನೊಂದು ಮುಖವೂ ಇದೆ. ಚಿಕ್ಕಂದಿನಿಂದ ಎಸೆದವರ ಮೇಲ್ದೋಳಿನ ಮೂಳೆ ಸ್ವಲ್ಪ ಹಿಂದಕ್ಕೆ ತಿರುಗಿದ ಆಕಾರದಲ್ಲೇ ಗಟ್ಟಿಯಾಗುತ್ತದೆ. ಹಾಗಾಗಿ ಅವರ ಎಸೆಯುವ ತೋಳು ಹೊರಕ್ಕೆ ಹೆಚ್ಚು, ಒಳಕ್ಕೆ ಕಡಿಮೆ ತಿರುಗುತ್ತದೆ. ಇದು ರೋಗವಲ್ಲ. ಇದನ್ನು ಗಾಯದ ಗುರುತಿನಿಂದ ಬೇರ್ಪಡಿಸುವುದು ಹೇಗೆ? ಫಿಸಿಯೊಥೆರಪಿ ಓದುವವರು ಬರೆದುಕೊಳ್ಳಿ. ಆಟಗಾರನನ್ನು ಅಂಗಾತ ಮಲಗಿಸಿ. ತೋಳು ಪಕ್ಕಕ್ಕೆ 90 ಡಿಗ್ರಿ, ಮೊಣಕೈ 90 ಡಿಗ್ರಿ, ಮೊಣಕೈ ತುಸು ಮೇಲೇಳುವಂತೆ ಮೇಲ್ದೋಳಿನ ಕೆಳಗೆ ಸುತ್ತಿದ ಟವೆಲ್. ಮುಂಗೈ ಸೂರಿಗೆ ನೋಡುತ್ತಿದ್ದರೆ ಸೊನ್ನೆ. ನಿಮ್ಮ ಒಂದು ಕೈ ಭುಜದ ಮುಂಭಾಗದಲ್ಲಿ ಸ್ಕ್ಯಾಪುಲಾವನ್ನು ತಡೆದಿರಲಿ. ಹೊರಕ್ಕೆ ತಿರುಗಿಸಿ ಅಳೆಯಿರಿ, ಒಳಕ್ಕೆ ತಿರುಗಿಸಿ ಅಳೆಯಿರಿ. ನಿಮ್ಮ ಅಂಗೈ ಕೆಳಗೆ ಸ್ಕ್ಯಾಪುಲಾ ಏಳತೊಡಗಿದ ಕೂಡಲೇ ನಿಲ್ಲಿಸಬೇಕು. ಈ ತಡೆ ಇಲ್ಲದೆ ಅಳೆದರೆ ಒಳತಿರುಗು ಸುಳ್ಳಾಗಿ ಹೆಚ್ಚು ಬರುತ್ತದೆ, ತಪ್ಪು ನಡೆಯುವುದು ಹೆಚ್ಚಾಗಿ ಇಲ್ಲೇ.

ಎಡಗೈ ಹೊರಕ್ಕೆ 105, ಒಳಕ್ಕೆ 70, ಒಟ್ಟು 175 ಬಂತು ಎಂದಿಟ್ಟುಕೊಳ್ಳಿ. ಎಸೆಯುವ ಬಲಗೈ ಹೊರಕ್ಕೆ 130, ಒಳಕ್ಕೆ 45 ಬಂದರೂ ಒಟ್ಟು 175. ಒಳತಿರುಗು 25 ಡಿಗ್ರಿ ಕಡಿಮೆ ಎಂದು ಗಾಬರಿ ಬೇಡ, ಮೂಳೆಯ ಆಕಾರದಿಂದ ಇಡೀ ಕಮಾನು ಪಕ್ಕಕ್ಕೆ ಸರಿದಿದೆ ಅಷ್ಟೆ. ಆದರೆ ಬಲಗೈ ಹೊರಕ್ಕೆ 125, ಒಳಕ್ಕೆ 35 ಎಂದರೆ ಒಟ್ಟು 160. ಹದಿನೈದು ಡಿಗ್ರಿ ಎಲ್ಲೋ ಕಳೆದುಹೋಗಿದೆ. ಹಿಂಬದಿಯ ಸ್ನಾಯು ಅಥವಾ ಕ್ಯಾಪ್ಸೂಲ್ ಬಿಗಿಯಾಗಿದೆ. ಎರಡು ಭುಜಗಳ ಒಟ್ಟು ಮೊತ್ತದಲ್ಲಿ 5 ಡಿಗ್ರಿಗಿಂತ ಹೆಚ್ಚು ವ್ಯತ್ಯಾಸವಿದ್ದರೆ ಗಮನ ಕೊಡಿ ಎಂಬುದು ಅಮೆರಿಕದ ಫಿಸಿಯೊಥೆರಪಿಸ್ಟ್ ಕೆವಿನ್ ವಿಲ್ಕ್ ಮುಂತಾದವರ ಸಲಹೆ. ಪಿಚ್ ಮಾಡಿದ ದಿನ ಅಳೆಯಬೇಡಿ. ಬ್ರೇಕ್ ಹಾಕಿ ದಣಿದ ಸ್ನಾಯು ಬಿಗಿಯುವುದರಿಂದ ಒಳತಿರುಗು ಅಂದು ಸುಮಾರು ಹತ್ತು ಡಿಗ್ರಿ ಇಳಿದಿರುತ್ತದೆ, ಮರುದಿನವೂ ಪೂರ್ತಿ ಮರಳುವುದಿಲ್ಲ. ಋತು ಶುರುವಾಗುವ ಮುಂಚೆ ಒಮ್ಮೆ ಅಳೆದು ಬರೆದಿಟ್ಟರೆ ಮುಂದೆ ಹೋಲಿಸಲು ಆಧಾರ ಸಿಗುತ್ತದೆ.

ಬಲವನ್ನೂ ಅಳೆಯಿರಿ. ಹೊರಕ್ಕೆ ತಿರುಗಿಸುವ ಬಲ, ಒಳಕ್ಕೆ ತಿರುಗಿಸುವ ಬಲದ ಮೂರರಲ್ಲಿ ಎರಡು ಪಾಲಾದರೂ ಇರಬೇಕು, ನಾಲ್ಕರಲ್ಲಿ ಮೂರು ಪಾಲಿದ್ದರೆ ಚೆನ್ನ. ಆಮೇಲೆ ಅಂಗಿ ತೆಗೆಸಿ ಹಿಂದೆ ನಿಂತು ನೋಡಿ. 68 ಕಿಲೋಗಿಂತ ಹಗುರ ಇರುವವನ ಎರಡು ಕೈಗೂ ಸುಮಾರು 1.4 ಕಿಲೋ, ಭಾರ ಇರುವವನಿಗೆ 2.3 ಕಿಲೋ ಡಂಬೆಲ್ ಕೊಟ್ಟು, ಮುಂದಕ್ಕೆ ಐದು ಸಲ, ಪಕ್ಕಕ್ಕೆ ಐದು ಸಲ ಎತ್ತಿ ಇಳಿಸಲು ಹೇಳಿ. ಎತ್ತುವಾಗ ಎಲ್ಲರೂ ಚೆನ್ನಾಗಿಯೇ ಕಾಣುತ್ತಾರೆ. ಇಳಿಸುವಾಗ ಕಣ್ಣಿಡಿ: ಸ್ಕ್ಯಾಪುಲಾದ ಒಳ ಅಂಚು ಬೆನ್ನಿನಿಂದ ಎದ್ದು ನಿಂತರೆ, ಅಥವಾ ತಟ್ಟನೆ ಕೆಳಕ್ಕೆ ಜಾರಿದರೆ, ಅದನ್ನು ಹಿಡಿದಿಡುವ, ಪಕ್ಕೆಲುಬಿನ ಮೇಲಿನ ಸೆರೇಟಸ್ ಮತ್ತು ಕೆಳ ಟ್ರಪೀಜಿಯಸ್ ಸೋತಿವೆ. ಅಂಗಿ ತೆಗೆದಿರುವಾಗಲೇ ಸ್ಕ್ಯಾಪುಲಾದ ನಡುವಿನ ಅಡ್ಡ ಏಣಿನ ಕೆಳಗೆ ಗುಳಿ ಬಿದ್ದಿದೆಯೇ ನೋಡಿ. ನೋವಿಲ್ಲದ ಗುಳಿ, ಹೊರತಿರುಗಿನಲ್ಲಿ ಬಲವಿಲ್ಲ ಎಂದರೆ ಇನ್‌ಫ್ರಾಸ್ಪೈನೇಟಸ್‌ಗೆ ಹೋಗುವ ನರ ಒತ್ತಿಹೋಗಿರಬಹುದು. ತೋಳು ಊದಿಕೊಂಡು ನೀಲಿಗಟ್ಟಿದರೆ, ಬೆರಳು ತಣ್ಣಗಾಗಿ ಬಿಳಚಿದರೆ ಅದು ರಕ್ತನಾಳದ ವಿಷಯ. ಅಂದೇ ಆಸ್ಪತ್ರೆಗೆ ಹೋಗಬೇಕು.

ಎಂಆರ್‌ಐ ಬಗ್ಗೆ ಕೇಳುವವರಿರುತ್ತೀರಿ. ಯಾವ ನೋವೂ ಇಲ್ಲದ 20 ಉನ್ನತ ಮಟ್ಟದ ಎಸೆತಗಾರರು ಮತ್ತು ಟೆನಿಸ್ ಆಟಗಾರರನ್ನು ಸ್ಕ್ಯಾನ್ ಮಾಡಿದ 2003ರ ಅಧ್ಯಯನದಲ್ಲಿ 8 ಮಂದಿಯ ಆಡುವ ಕೈಯ ಕಫ್‌ನಲ್ಲಿ ಹರಕು ಕಂಡಿತು. ಐದು ವರ್ಷದ ನಂತರ ಕೇಳಿದಾಗಲೂ ಅವರಿಗೆ ತೊಂದರೆ ಇರಲಿಲ್ಲ. ಆದ್ದರಿಂದ ಸ್ಕ್ಯಾನ್‌ನಲ್ಲಿ ಹರಕು ಕಂಡದ್ದೇ ನೋವಿನ ಮೂಲ ಎನ್ನುವ ಹಾಗಿಲ್ಲ. ಮೊದಲು ಕೈಯಿಂದ ಪರೀಕ್ಷೆ, ಆಮೇಲೆ ಆರರಿಂದ ಹನ್ನೆರಡು ವಾರ ಸರಿಯಾದ ವ್ಯಾಯಾಮ, ಅದಕ್ಕೂ ಬಗ್ಗದಿದ್ದರೆ ಮುಂದಿನ ಮಾತು. ತೀವ್ರವಾಗಿ, ಒಂದೇ ಎಸೆತದಲ್ಲಿ ಹರಿದದ್ದು ಈ ಸಾಲಿಗೆ ಬರುವುದಿಲ್ಲ.

ಇನ್ನು ಎಣಿಕೆ. ಮೇಜರ್ ಲೀಗ್ ಮತ್ತು ಯುಎಸ್‌ಎ ಬೇಸ್‌ಬಾಲ್ ಸೇರಿ 2014ರಲ್ಲಿ ಪಿಚ್ ಸ್ಮಾರ್ಟ್ ಎಂಬ ಮಾರ್ಗಸೂಚಿ ತಂದವು. ದಿನಕ್ಕೆ ಗರಿಷ್ಠ ಎಸೆತ 7-8 ವರ್ಷಕ್ಕೆ 50, 9-10ಕ್ಕೆ 75, 11-12ಕ್ಕೆ 85, 13ರಿಂದ 16ಕ್ಕೆ 95, 17-18ಕ್ಕೆ 105. ಹದಿನಾಲ್ಕು ವರ್ಷದವರೆಗಿನವರು 66 ಅಥವಾ ಹೆಚ್ಚು ಎಸೆದರೆ ನಾಲ್ಕು ದಿನ ವಿಶ್ರಾಂತಿ, 51ರಿಂದ 65ಕ್ಕೆ ಮೂರು ದಿನ, 36ರಿಂದ 50ಕ್ಕೆ ಎರಡು, 21ರಿಂದ 35ಕ್ಕೆ ಒಂದು. ಇದರ ಹಿಂದೆ ಫ್ಲೈಸಿಗ್ ತಂಡದ ಕೆಲಸವಿದೆ: ವರ್ಷಕ್ಕೆ 100 ಇನಿಂಗ್ಸ್‌ಗಿಂತ ಹೆಚ್ಚು ಎಸೆದ ಹುಡುಗರಿಗೆ ಗಂಭೀರ ಗಾಯದ ಸಂಭವ 3.5 ಪಟ್ಟು, ಶಸ್ತ್ರಚಿಕಿತ್ಸೆಗೆ ಬಂದವರನ್ನೂ ಬಾರದವರನ್ನೂ ಹೋಲಿಸಿದಾಗ, ತೋಳು ದಣಿದಿದ್ದರೂ ಪದೇಪದೇ ಎಸೆದವರ ಅಪಾಯ 36 ಪಟ್ಟು. ಆ 36 ಎಲ್ಲಕ್ಕಿಂತ ದೊಡ್ಡ ಸಂಖ್ಯೆ, ವೇಗವೂ ತಿರುಗುವ ಎಸೆತ ಕರ್ವ್‌ಬಾಲ್‌ ಕೂಡ ಅದರ ಹತ್ತಿರ ಸುಳಿಯುವುದಿಲ್ಲ. ದಣಿದಾಗ ಮೊದಲು ಕೈಕೊಡುವುದು ಬ್ರೇಕ್. ಆಮೇಲಿನ ಪ್ರತಿ ಎಸೆತದ ಎಳೆತ ರಜ್ಜು, ಲೇಬ್ರಮ್, ಕ್ಯಾಪ್ಸೂಲ್‌ಗಳ ಮೇಲೆ ಬೀಳುತ್ತದೆ.

ಎಣಿಕೆಯಲ್ಲಿ ಸೋರಿಕೆಯೂ ಇದೆ. ಶಾಲೆಯ ತಂಡದಲ್ಲಿ 60, ಅದೇ ವಾರ ಊರೂರು ತಿರುಗಿ ಆಡುವ ಟ್ರಾವೆಲ್ ತಂಡದಲ್ಲಿ 50, ಎರಡು ಕೋಚ್‌ಗಳಿಗೂ ಪರಸ್ಪರ ಗೊತ್ತಿಲ್ಲ. ಬುಲ್‌ಪೆನ್‌ನಲ್ಲಿ ಬೆಚ್ಚಗಾಗಲು ಹಾಕಿದ್ದು ಲೆಕ್ಕಕ್ಕೇ ಇಲ್ಲ. ಪಿಚ್ ಮಾಡಿದ ಮೇಲೆ ಅದೇ ದಿನ ಬ್ಯಾಟರ್ ಹಿಂದೆ ಚೆಂಡು ಹಿಡಿಯುವ ಕ್ಯಾಚರ್ ಆಗಿ ಕೂತವನು ಪ್ರತಿ ಚೆಂಡನ್ನೂ ವಾಪಸ್ ಎಸೆಯುತ್ತಾನೆ, ಅದಕ್ಕೇ ಈ ಎರಡು ಪಾತ್ರ ಒಂದೇ ದಿನ ಬೇಡ ಎನ್ನುವುದು. ಲೆಕ್ಕದ ಪುಸ್ತಕ ಮನೆಯಲ್ಲಿ, ತಾಯಿ ಅಥವಾ ತಂದೆಯ ಕೈಯಲ್ಲಿ ಇರಲಿ. ವರ್ಷದಲ್ಲಿ ನಾಲ್ಕು ತಿಂಗಳು ಎಸೆತವಿಲ್ಲ, ಅದರಲ್ಲಿ ಎರಡು ಮೂರು ತಿಂಗಳು ಒಂದೇ ಸಮನೆ. ಕ್ಯಾಲಿಫೋರ್ನಿಯಾದಲ್ಲಿ, ಟೆಕ್ಸಸ್‌ನಲ್ಲಿ ವರ್ಷಪೂರ್ತಿ ಬಿಸಿಲು. ಅಲ್ಲಿ ಈ ಬಿಡುವನ್ನು ಹವಾಮಾನ ಕೊಡುವುದಿಲ್ಲ, ನೀವೇ ಕೊಡಬೇಕು. ಭಾರದ ಚೆಂಡುಗಳಿಂದ ವೇಗ ಹೆಚ್ಚಿಸುವ ತರಬೇತಿ ಬಗ್ಗೆಯೂ ಒಂದು ಮಾತು: 13ರಿಂದ 18 ವಯಸ್ಸಿನ ಪಿಚರ್‌ಗಳ ಮೇಲೆ 2018ರಲ್ಲಿ ವರದಿಯಾದ ಆರು ವಾರದ ಪ್ರಯೋಗದಲ್ಲಿ ವೇಗ 3.3% ಏರಿತು, ತೋಳು ಹಿಂದಕ್ಕೆ ಇನ್ನೂ ನಾಲ್ಕು ಡಿಗ್ರಿ ಹೆಚ್ಚು ತಿರುಗತೊಡಗಿತು, ಆ ಗುಂಪಿನ 24% ಮಂದಿ ಗಾಯಗೊಂಡರು. ಬೆಳೆಯುವ ಹುಡುಗನಿಗೆ ಇದು ಲಾಭದ ವ್ಯಾಪಾರ ಅಲ್ಲ ಎಂಬುದು ನನ್ನ ಅಭಿಪ್ರಾಯ.

ವ್ಯಾಯಾಮಗಳಲ್ಲಿ ಒಂದನ್ನೇ ಆರಿಸು ಎಂದರೆ ನಾನು ಹೇಳುವುದು ಪಕ್ಕಕ್ಕೆ ಮಲಗಿ ಮಾಡುವ ಹೊರತಿರುಗು. ಎಸೆಯುವ ಕೈ ಮೇಲೆ ಬರುವಂತೆ ಮಲಗಿ. ಮೊಣಕೈ ಮತ್ತು ಪಕ್ಕೆಲುಬಿನ ನಡುವೆ ಸುತ್ತಿದ ಟವೆಲ್ ಇರಲಿ. ಅದಿಲ್ಲದಿದ್ದರೆ ಡೆಲ್ಟಾಯ್ಡ್ ಕೆಲಸ ಕದಿಯುತ್ತದೆ. ಮೊಣಕೈ 90 ಡಿಗ್ರಿ. ಮುಂಗೈಯನ್ನು ನೆಲಕ್ಕೆ ಸಮಾನಾಂತರಕ್ಕಿಂತ ತುಸು ಮೇಲಕ್ಕೆ ಎತ್ತಿ, ಮೂರು ಎಣಿಸುತ್ತ ಇಳಿಸಿ. ಬ್ರೇಕ್ ಕಲಿಯುವುದು ಇಳಿಸುವಾಗಲೇ. ಅರ್ಧ ಕಿಲೋದಿಂದ ಶುರು, ಹತ್ತರಂತೆ ಮೂರು ಸುತ್ತು, ಎರಡು ಕಿಲೋ ಸುಮಾರಿಗೆ ನಿಲ್ಲಿಸಿ. ಮೈ ಹಿಂದಕ್ಕೆ ಉರುಳಿದರೆ, ಭುಜ ಕಿವಿಯತ್ತ ಏರಿದರೆ ತೂಕ ಹೆಚ್ಚಾಗಿದೆ ಎಂದರ್ಥ. ಜಿಮ್ ಹುಡುಗರಿಗೆ ಒಂದು ಕಿಲೋ ಎತ್ತುವುದು ಅವಮಾನ, ಐದು ಕಿಲೋ ಹಿಡಿದು ಬೆನ್ನಿನಿಂದ ಎಳೆಯುತ್ತಾರೆ. ಇದಾದ ಮೇಲೆ ಬೋರಲು ಮಲಗಿ ಹೆಬ್ಬೆರಳು ಮೇಲಿಟ್ಟು ತೋಳನ್ನು ಪಕ್ಕಕ್ಕೆತ್ತುವುದು, ಪುಷ್-ಅಪ್‌ನ ಕೊನೆಯಲ್ಲಿ ಭುಜಗಳನ್ನು ಇನ್ನೊಂದಿಷ್ಟು ಮುಂದಕ್ಕೆ ನೂಕುವುದು. ನೋವಿಲ್ಲದೆ ಇವು ಒಗ್ಗಿದ ಬಳಿಕ ಒಂದು ಮಂಡಿಯೂರಿ ಕೂತು, ಹಿಂದೆ ನಿಂತ ಜೊತೆಗಾರ ಕಿವಿಯ ಪಕ್ಕದಿಂದ ಮುಂದಕ್ಕೆ ತೂರಿದ 450 ಗ್ರಾಂ ಚೆಂಡನ್ನು ಹಿಡಿದು, ತೋಳನ್ನು ನಿಧಾನವಾಗಿ ಕೆಳಗೆ ತಂದು ನಿಲ್ಲಿಸಿ, ಹಿಂದಕ್ಕೆ ಎಸೆಯುವುದು. ಎಸೆತದ ಬ್ರೇಕಿಗೆ ಅತಿ ಹತ್ತಿರದ ಅಭ್ಯಾಸ ಇದು. ಪಂದ್ಯಕ್ಕೆ ಮುಂಚೆ ರಬ್ಬರ್ ಬ್ಯಾಂಡ್‌ನಿಂದ ಹಗುರವಾಗಿ ಎಚ್ಚರಿಸಿದರೆ ಸಾಕು. ದಣಿಸುವ ಕೆಲಸ ಎಸೆದ ಮೇಲೆ.

ಒಳತಿರುಗು ಕಡಿಮೆಯಾದವರು ಕೈಯನ್ನು ಎದೆಯ ಅಡ್ಡಕ್ಕೆ ಎಳೆದು 30 ಸೆಕೆಂಡಿನಂತೆ ಮೂರರಿಂದ ಐದು ಸಲ ಹಿಡಿಯಲಿ, ಸ್ಕ್ಯಾಪುಲಾ ಗೋಡೆಗೆ ಒತ್ತಿರಲಿ. ಪಕ್ಕಕ್ಕೆ ಮಲಗಿ ಮುಂಗೈಯನ್ನು ಹಾಸಿಗೆಗೆ ಒತ್ತುವ ಸ್ಲೀಪರ್ ಸ್ಟ್ರೆಚ್ ಜನಪ್ರಿಯ, ಆದರೆ ಅದರಲ್ಲಿ ಭುಜದ ಮುಂದೆ ನೋವು ಬಂದರೆ ಅಲ್ಲೇ ಬಿಡಿ. ಹಿಂದೆ ಎಳೆದಂತೆ ಅನಿಸಬೇಕು, ಮುಂದೆ ಚುಚ್ಚಬಾರದು. ಐಸ್ ಹಾಕಿದರೆ ಹಾಯೆನಿಸುತ್ತದೆ, ಹಾಕಿಕೊಳ್ಳಿ. ಅದು ಸ್ನಾಯುವನ್ನು ಗುಣಪಡಿಸುತ್ತದೆ ಎಂಬ ನಂಬಿಕೆ ಬೇಡ. ನೋವಿನ ಮಾತ್ರೆ ನುಂಗಿ ಎಸೆಯುವುದಂತೂ ಬೇಡವೇ ಬೇಡ.

ಮರಳಿ ಎಸೆಯುವ ಹಾದಿ 45 ಅಡಿಯಿಂದ ಶುರು. ಬೆಚ್ಚಗಾಗಿ 25 ಎಸೆತ, ಐದು ಹತ್ತು ನಿಮಿಷ ಬಿಡುವು, ಮತ್ತೆ 25. ಮುಂದಿನ ಸರದಿಯಲ್ಲಿ ಅದೇ ದೂರದಿಂದ ಮೂರು ಸುತ್ತು. ದಿನ ಬಿಟ್ಟು ದಿನ ಮಾತ್ರ. ಆಮೇಲೆ 60, 90, 120 ಅಡಿ, ಹೀಗೆ ಒಂದೊಂದೇ ಮೆಟ್ಟಿಲು. ಆ ಬಳಿಕ ದಿಬ್ಬದ ಮೇಲೆ ಅರ್ಧ ಬಲದ ಫಾಸ್ಟ್‌ಬಾಲ್, ಮುಕ್ಕಾಲು ಬಲ, ಪೂರ್ತಿ ಬಲ. ತಿರುಗುವ ಎಸೆತಗಳು ಎಲ್ಲಕ್ಕಿಂತ ಕೊನೆಗೆ. ‘ಅರ್ಧ ಬಲ’ ಎಂಬಲ್ಲಿ ಎಲ್ಲರೂ ಎಡವುತ್ತಾರೆ. ಅರ್ಧ ಬಲದಲ್ಲಿ ಎಸೆ ಎಂದು ಆರೋಗ್ಯವಂತ ಪಿಚರ್‌ಗಳಿಗೆ ಹೇಳಿ ಅಳೆದಾಗ ಚೆಂಡಿನ ವೇಗ ಪೂರ್ತಿಯ 85% ಇತ್ತು, ಭುಜದ ಮೇಲಿನ ಬಲ ಸುಮಾರು 75%. ಆಟಗಾರನ ಅಂದಾಜನ್ನು ನಂಬದೆ ರಾಡಾರ್ ಗನ್ ಹಿಡಿದು ನಿಲ್ಲಿ, ಇಂದಿನ ಮಿತಿ ಇಷ್ಟು ಮೈಲಿ ಎಂದು ಮೊದಲೇ ಹೇಳಿ.

ನೋವು ಬಂದರೆ ಏನು ಮಾಡಬೇಕೆಂಬುದನ್ನೂ ಮೊದಲೇ ಬರೆದು ಅವನ ಬ್ಯಾಗಿನಲ್ಲಿಡಿ. ಬೆಚ್ಚಗಾಗುವಾಗ ನೋವಿದ್ದು ಮೊದಲ 15 ಎಸೆತದೊಳಗೆ ಹೋದರೆ, ಹಿಂದಿನ ದಿನದ್ದನ್ನೇ ಮತ್ತೆ ಮಾಡಲಿ, ಮೆಟ್ಟಿಲು ಏರುವಂತಿಲ್ಲ. ಹದಿನೈದಾದರೂ ಹೋಗದಿದ್ದರೆ ನಿಲ್ಲಿಸಿ, ಎರಡು ದಿನ ಬಿಡುವು, ಬಂದ ಮೇಲೆ ಒಂದು ಮೆಟ್ಟಿಲು ಕೆಳಗಿನಿಂದ. ಎಸೆದ ಒಂದು ಗಂಟೆಯ ನಂತರವೂ, ಇಲ್ಲವೇ ಮರುದಿನವೂ ಭುಜ ನೋಯುತ್ತಿದ್ದರೆ ಒಂದು ದಿನ ಬಿಟ್ಟು ಅದೇ ಮೆಟ್ಟಿಲು ಇನ್ನೊಮ್ಮೆ. ಸ್ನಾಯುವಿನ ಹೊಟ್ಟೆಯಲ್ಲಿ ಮೈಕೈ ನೋವಿನಂಥದ್ದು ಬೇರೆ, ಕೀಲಿನ ಆಳದಲ್ಲಿ ಚುಚ್ಚುವುದು ಬೇರೆ. ಎರಡನೆಯದು ಬಂದ ದಿನ ಚೆಂಡು ಬ್ಯಾಗಿಗೆ ಹೋಗಬೇಕು, ಪರೀಕ್ಷೆ ಮತ್ತೆ ಟವೆಲ್ ಮತ್ತು ಕೋನಮಾಪಕದಿಂದ ಶುರುವಾಗಬೇಕು.